ಚಾಂಪಿಯನ್ ಇಲ್ಲದ ವರ್ಷ

ಸರ್,

ನಮಸ್ಕಾರ. ಇದನ್ನು ಅಡುಗೆಮನೆಯ ಕಟ್ಟೆಗೆ ಆತುಕೊಂಡು ನಿಂತೇ ಬರೆಯುತ್ತಿದ್ದೇನೆ. ಕೂತರೆ ಸೊಂಟ ಹಿಡಿಯುತ್ತದೆ. ಯಾಕೆಂದು ಆಮೇಲೆ ಹೇಳುತ್ತೇನೆ, ನಗಬಾರದು. ನೀವು ತೀರಿಹೋದ ಸುದ್ದಿ ಬಂದಾಗ ನಾನು ಬರ್ಮಿಂಗ್‌ಹ್ಯಾಮಿನ ಆಫೀಸಿನಲ್ಲಿ ಒಂದು ಮೀಟಿಂಗಿನಲ್ಲಿದ್ದೆ. ಫೋನ್ ನೋಡಿ ಮಗುಚಿಟ್ಟೆ. ಮೀಟಿಂಗ್ ಮುಗಿಸಿ, ರೈಲು ಹಿಡಿದು ಸಟನ್ ಕೋಲ್ಡ್‌ಫೀಲ್ಡಿನ ಮನೆಗೆ ಬಂದು ಅನ್ನಕ್ಕಿಟ್ಟೆ. ಅಳು ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ನಿಮ್ಮ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ.

ಬೆಳಗಾವಿಯಲ್ಲಿ ನೀವು ನಮಗೆ ಕಲಿಸುತ್ತಿದ್ದ ಸ್ಕೇಟಿಂಗ್ ರಿಂಕಿನ ಆಫೀಸಿನಲ್ಲಿ ಒಂದು ಚಿತ್ರ ತೂಗುಹಾಕಿದ್ದಿರಿ, ನೆನಪಿದೆಯೇ? ಯಾವುದೋ ಹಳೆಯ ಪತ್ರಿಕೆಯಿಂದ ಕತ್ತರಿಸಿದ್ದು. ಹೆಪ್ಪುಗಟ್ಟಿದ ಕೆರೆ, ದಂಡೆಯ ಮೇಲೆ ಟೋಪಿ ಹಾಕಿದ ಜನ, ನಡುವೆ ಬಿಗಿ ಉಡುಪಿನ ಇಬ್ಬರು ಗಂಡಸರು ಕೈಯನ್ನು ಬೆನ್ನಿನ ಮೇಲಿಟ್ಟುಕೊಂಡು ಬಾಗಿ ಓಡುತ್ತಿದ್ದಾರೆ. ಕಳೆದ ಶತಮಾನದ ಆರಂಭದ, ಐಸ್ ಸ್ಕೇಟಿಂಗಿನ ವಿಶ್ವ ಚಾಂಪಿಯನ್‌ಶಿಪ್. ನೀವು ಕಣ್ಣಾರೆ ಕಂಡ ಮಂಜುಗಡ್ಡೆ ಎಂದರೆ ಕಬ್ಬಿನ ಹಾಲಿನ ಅಂಗಡಿಯದ್ದು. ಆದರೂ ಆ ಕೆರೆಯ ದಂಡೆಯಲ್ಲೇ ನಿಂತು ನೋಡಿದವರ ಹಾಗೆ ಹೇಳುತ್ತಿದ್ದಿರಿ: "ಹಡಗಿನ್ಯಾಗ, ರೈಲಿನ್ಯಾಗ, ದೇಶದೇಶದಿಂದ ಬಂದ್ರು. ನಾಲ್ಕು ಓಟ. ಮೂರು ಗೆದ್ದಾಂವ ಚಾಂಪಿಯನ್. ಯಾರೂ ಮೂರು ಗೆಲ್ಲಲಿಲ್ಲ. ಏನ್ ಮಾಡಿದ್ರು ಹೇಳ್ರಿ? ಈ ವರ್ಷ ಚಾಂಪಿಯನ್ ಇಲ್ಲ ಅಂತ ಬರದು ಮನಿಗೆ ಹೋದ್ರು!" ಇದನ್ನು ಹೇಳುವಾಗ ನಿಮ್ಮ ಮುಖದಲ್ಲಿ ಅದೆಂಥ ಖುಷಿ! ನಮಗೆ ಅದು ಬರೀ ಹುಚ್ಚುತನ ಅನ್ನಿಸುತ್ತಿತ್ತು.

ಆ ಹುಚ್ಚನ್ನು ನಮ್ಮ ಸಿಮೆಂಟಿನ ರಿಂಕಿಗೂ ತಂದಿರಿ. ಗಾಲಿಯ ಸ್ಕೇಟು, ನಾಲ್ಕು ಓಟ, ಮೂರು ಗೆದ್ದವರಿಗೆ ಕಪ್. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಮೊದಲ ಎರಡು ಓಟ ನನ್ನವು, ಕೊನೆಯ ಎರಡು ಶಬಾನಾಳವು. ಚೀಟಿ ಎತ್ತಿರಿ ಎಂದರು ಯಾರೋ. ಇಬ್ಬರಿಗೂ ಕೊಡಿ ಎಂದರು ಇನ್ಯಾರೋ. ನೀವು ಮೈಕ್ ಹಿಡಿದು, "ಈ ವರ್ಷ ಚಾಂಪಿಯನ್ ಇಲ್ಲ. ಮುಂದಿನ ವರ್ಷ ಬರ್ರಿ," ಎಂದಿರಿ. ಕಪ್ಪಿನ ಬುಡದ ಪಟ್ಟಿಯಲ್ಲಿ ಉಳಿದ ವರ್ಷಗಳ ಎದುರು ಹೆಸರುಗಳಿವೆ. ನಮ್ಮ ವರ್ಷದ ಎದುರು ಖಾಲಿ.

ಮುಂದಿನ ವರ್ಷವಂತೆ! ಮುಂದಿನ ವರ್ಷ ನನಗೆ ಎಸ್ಸೆಸ್ಸೆಲ್ಸಿ ಇತ್ತಲ್ಲ ಸರ್. ಅಪ್ಪ ಸ್ಕೇಟುಗಳನ್ನು ಅಟ್ಟಕ್ಕೆ ಹಾಕಿದರು. ಶಬಾನಾಳನ್ನು ಅವಳ ಅಬ್ಬಾ ಟ್ಯೂಷನ್ನಿಗೆ ಹಾಕಿದರು, ಮಗಳು ಡಾಕ್ಟರಾಗಬೇಕು ಎಂದು. ಆದಳು. ನೀವು ಒಂದು ಸಂಜೆ ನಮ್ಮ ಮನೆಗೆ ಬಂದಿರಿ. ಚಹಾ ಕುಡಿದಿರಿ, ಅಪ್ಪನ ಜೊತೆ ಊರ ಸುದ್ದಿಯೆಲ್ಲ ಮಾತಾಡಿದಿರಿ, ಎದ್ದು ಹೋದಿರಿ. ಅವಳನ್ನು ಕಳಿಸಿರಿ ಅಂತ ಒಂದು ಮಾತು ಅಂದಿದ್ದರೆ ಅಪ್ಪ ಬಹುಶಃ... ಯಾಕೆ ಅನ್ನಲಿಲ್ಲ ಸರ್? ನಾನು ಬಾಗಿಲ ಹಿಂದೆಯೇ ನಿಂತಿದ್ದೆ.

ನೀವು ತೀರಿಹೋದ ಮೇಲೆ ಶಬಾನಾ ಊರಿಗೆ ಹೋಗಿದ್ದಳು. ಅವಳೀಗ ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್, ಮನೆ ಡಿಡ್ಸ್‌ಬರಿಯಲ್ಲಿ. ನಿಮ್ಮ ಮನೆಯವರು, ನಮ್ಮ ಅಕ್ಕೋರು, ಕಪ್ಪನ್ನು ಅವಳ ಕೈಗಿತ್ತು, "ಇಬ್ಬರೊಳಗ ಒಬ್ಬರು ಇಟ್ಕೊಳ್ರವಾ, ಇಲ್ಲಿ ಧೂಳು ತಿನ್ನಾಕತ್ತೈತಿ," ಎಂದರಂತೆ. ವಾಪಸು ಬಂದವಳೇ ನನಗೆ ಫೋನ್ ಮಾಡಿದಳು.

"ಏ ಸುನೀ, ಕಪ್ ನನ್ನ ಮನ್ಯಾಗ ಐತಿ."

"ನನ್ನ ಕಪ್ ನಿನ್ನ ಮನ್ಯಾಗ ಯಾಕ?"

"ನಿಂದು ಅಂತ ಯಾರ್ ಹೇಳಿದ್ರು?"

ನನ್ನ ಹತ್ತಿರ ಉತ್ತರ ತಯಾರಿತ್ತು. ಆ ಹಳೆಯ ಚಾಂಪಿಯನ್‌ಶಿಪ್ಪಿನವರು ಕೆಲವು ವರ್ಷಗಳಲ್ಲೇ ನಿಯಮ ಬದಲಿಸಿ, ನಾಲ್ಕೂ ಓಟಗಳ ಸ್ಥಾನ ಕೂಡಿಸಿ ಒಬ್ಬರಿಗೆ ಪಟ್ಟ ಕೊಡತೊಡಗಿದರು ಎಂದು ಇಲ್ಲಿಗೆ ಬಂದ ಮೇಲೆ ಓದಿದ್ದೆ. ಸೋತ ಎರಡರಲ್ಲೂ ನಾನು ಎರಡನೆಯವಳು. ಶಬಾನಾ ಒಂದರಲ್ಲಿ ಮೂರನೆಯವಳು. ಆ ಲೆಕ್ಕದಲ್ಲಿ ಕಪ್ ನನ್ನದೇ ಎಂದೆ. ನಿಮಗೆ ಇದು ಗೊತ್ತಿತ್ತೇ ಸರ್? ಗೊತ್ತಿದ್ದೂ ಹಳೆಯದನ್ನೇ ಹಿಡಿದುಕೊಂಡು...

"ಸರ್ ರೂಲ್ ಅಂದ್ರ ಸರ್ ರೂಲ್," ಎಂದಳು ಶಬಾನಾ. "ಧೈರ್ಯ ಇದ್ರ ಬಾ, ಮತ್ತೊಮ್ಮೆ ಓಡೂಣು. ಬರ್ಫದ ಮ್ಯಾಲ."

ಹೂಂ ಅಂದೆ. ಅಕ್ಕೋರಿಗೆ ವಿಡಿಯೋ ಕಾಲ್ ಮಾಡಿ ಹೇಳಿದಾಗ ಅವರು ಮೊದಲು ನಕ್ಕರು. ಆಮೇಲೆ, ನಮ್ಮಿಬ್ಬರಿಗೂ ಗೊತ್ತಿರದ ಒಂದು ಮಾತು ಹೇಳಿದರು. "ಆ ಮುಂದಿನ ವರ್ಷ ನೀವಿಬ್ಬರು ಬರ್ತೀರಂತ ಗೇಟಿನ ಕಡೆ ನೋಡಕೋತ ನಿಂತಿದ್ರವಾ ಇವರು. ಹುಡುಗರೆಲ್ಲಾ ಸಾಲಾಗಿ ನಿಂತಾವ, ಬಿಸಿಲು ಏರಾಕತ್ತೈತಿ, ಇವರು ಸೀಟಿ ಊದವಲ್ರು." ನಾನು ಸಿಗ್ನಲ್ ಸರಿಯಿಲ್ಲ ಎಂದು ಕಾಲ್ ಮುಗಿಸಿದೆ.

ಕಳೆದ ಭಾನುವಾರ ಬೆಳಿಗ್ಗೆ, ನಮ್ಮಿಬ್ಬರ ಊರುಗಳ ನಡುವಿನ ಒಂದು ಐಸ್ ರಿಂಕಿನಲ್ಲಿ ಓಡಿದೆವು. ಗೋಡೆ ಹಿಡಿದು ನಡೆಯುತ್ತಿದ್ದ ಒಂದು ಸಂಸಾರ ಬಿಟ್ಟರೆ ಯಾರೂ ಇರಲಿಲ್ಲ. ಅಲ್ಲಿನ ಮೇಲ್ವಿಚಾರಕಿ, ನಲವತ್ತು ದಾಟಿದ ಇಬ್ಬರು ಹೆಂಗಸರಿಂದ ಏನು ಅಪಾಯ ಎಂದುಕೊಂಡು ಒಪ್ಪಿದಳು. ನನ್ನ ಮಗಳು ಇರಾ ಫೋನಿನಲ್ಲಿ ಸಮಯ ನೋಡುವವಳು. ಬಾಡಿಗೆಯ ಸ್ಕೇಟುಗಳ ಅಲಗಿನ ಮುಂತುದಿಗೆ ಗರಗಸದಂಥ ಹಲ್ಲುಗಳು. ನಮ್ಮ ಗಾಲಿಯ ಸ್ಕೇಟುಗಳಿಗೆ ಅದೇ ಜಾಗದಲ್ಲಿ ರಬ್ಬರಿನ ಬ್ರೇಕ್ ಇತ್ತಲ್ಲ, ಊರಿದರೆ ನಿಲ್ಲುತ್ತಿದ್ದೆವು. ಇಲ್ಲಿ ಊರಿದರೆ ಬೀಳುತ್ತೇವೆ. ಅಭ್ಯಾಸದಲ್ಲೇ ಇಬ್ಬರೂ ಒಂದೊಂದು ಸಲ ಬಿದ್ದೆವು. ಬರ್ಫದ ವಿಷಯ ಇಷ್ಟೆಲ್ಲ ಹೇಳಿದ ನೀವು ಇದೊಂದನ್ನು ಹೇಳಿರಲಿಲ್ಲ ನೋಡಿ.

ಮೊದಲನೆಯದು ನನ್ನದು. ಎರಡನೆಯದು ಅವಳದು. ಮೂರನೆಯದು ಮತ್ತೆ ನನ್ನದು. ನಾಲ್ಕನೆಯದರ ಕೊನೆಯ ತಿರುವಿನಲ್ಲಿ ನಾನು ಮುಂದಿದ್ದೆ ಸರ್. ಕೈ ಬೆನ್ನಿನ ಮೇಲೆ, ನೀವು ಹೇಳಿಕೊಟ್ಟ ಹಾಗೇ. ಆ ಖಾಲಿ ಜಾಗದಲ್ಲಿ ನನ್ನ ಹೆಸರು ಹೇಗೆ ಕಾಣುತ್ತದೆ ಎಂದು ಕೂಡ ಯೋಚಿಸಿದೆ. ವೇಗ ಹೆಚ್ಚಾಯಿತು ಅನ್ನಿಸಿತು, ಕಾಲು ತನ್ನಷ್ಟಕ್ಕೆ ಹಳೆಯ ಬ್ರೇಕ್ ಹುಡುಕಿ ಮುಂತುದಿ ಊರಿತು. ದೊಪ್ಪನೆ ಬಿದ್ದೆ. ಶಬಾನಾ ಪಕ್ಕದಿಂದ ಹಾದು ಹೋದಳು. ನಿಲ್ಲಲಿಲ್ಲ. ನಿಂತಿದ್ದರೆ ಈ ಜನ್ಮದಲ್ಲಿ ಅವಳನ್ನು ಮಾತಾಡಿಸುತ್ತಿರಲಿಲ್ಲ. ಎದ್ದು, ಕುಂಟುತ್ತ ಗೆರೆ ಮುಟ್ಟಿದೆ.

"ಸೋ, ಚಾಂಪಿಯನ್ ಯಾರು?" ಎಂದಳು ಇರಾ.

"ಯಾರೂ ಇಲ್ಲ."

"ದಟ್ಸ್ ಸೋ ಅನ್‌ಫೇರ್!"

"ಹೌದು, ಅನ್ಯಾಯವೇ," ಎಂದೆ. ನಿಜವಾಗಿಯೂ ಸಿಟ್ಟು ಬಂದಿತ್ತು, ಒಂಬತ್ತನೆಯ ತರಗತಿಯ ಅದೇ ಸಿಟ್ಟು. ಶಬಾನಾ ಏದುಸಿರು ಬಿಡುತ್ತ, ಇಲ್ಲದ ಮೈಕನ್ನು ಬಾಯಿಯ ಹತ್ತಿರ ಹಿಡಿದು ನಿಮ್ಮ ಧ್ವನಿಯಲ್ಲೇ ಶುರುಮಾಡಿದಳು: "ಈ ವರ್ಷ ಚಾಂಪಿಯನ್ ಇಲ್ಲ. ಮುಂದಿನ ವರ್ಷ..." ಮುಂದಕ್ಕೆ ಅವಳಿಗೆ ಆಗಲಿಲ್ಲ. ನನಗೂ ಆಗಲಿಲ್ಲ. ಬರ್ಫದ ಮೇಲೆ ಕೂತು ಅತ್ತೆ ಸರ್, ಬಟ್ಟೆಯೆಲ್ಲ ಒದ್ದೆಯಾಗುವಷ್ಟು ಹೊತ್ತು. ಪಾಪ, ಇರಾ ಗಾಬರಿಯಾಗಿ ಸೊಂಟ ಮುರಿಯಿತೇ ಎಂದು ಕೇಳಿದಳು.

ಕಪ್ ಸದ್ಯಕ್ಕೆ ಡಿಡ್ಸ್‌ಬರಿಯಲ್ಲೇ ಇದೆ, ಆ ಜಾಗ ಖಾಲಿಯೇ ಇದೆ. ಬರುವ ಚಳಿಗಾಲಕ್ಕೆ ಶಬಾನಾ ಈಗಲೇ ತನ್ನ ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಒಂದು ಭಾನುವಾರ ಬಿಡಿಸಿಕೊಂಡಿದ್ದಾಳೆ. ನಾನು ಹಲ್ಲಿಲ್ಲದ ಸ್ಕೇಟು ಕೊಳ್ಳುತ್ತೇನೆ, ಅವಳಿಗೆ ಹೇಳುವುದಿಲ್ಲ. ನೀವು ಮಾತ್ರ ಇನ್ನು ಗೇಟಿನ ಕಡೆ ನೋಡಬೇಡಿ. ತಡವಾಯಿತು, ನಿಜ. ಆದರೆ ಇಬ್ಬರೂ ಬಂದಿದ್ದೇವೆ ಸರ್. ಸೀಟಿ ಊದಿ.

ನಿಮ್ಮ
ಸುನೀತಾ