ಅಣ್ಣ ಕೊರೆದ ತೂತು

ಉದಗೀರ, ಜಿನ್ನಿಂಗ್ ಕಾರಖಾನೆಯ ಹಿಂದಿನ ಮನೆ
ಮಾರ್ಗಶಿರ ಶುದ್ಧ ಪಂಚಮಿ, ಫಸಲಿ ೧೩೪೪

ಪ್ರೀತಿಯ ಅವ್ವಾ, ನಿನ್ನ ಪಾದಕ್ಕೆ ಶಂಕರಯ್ಯನ ಶರಣಾರ್ಥಿ.

ನಿನ್ನ ಮೊಣಕಾಲು ಹೇಗಿದೆ? ನಿಲಂಗಾದಲ್ಲಿ ಈಗ ಚಳಿ ಇಲ್ಲಿಗಿಂತ ಜಾಸ್ತಿಯೇ ಇರಬೇಕು. ಇಂದುವಿನ ಮನೆಯ ಪಡಸಾಲೆಯಲ್ಲಿ ಗಾಳಿ ನುಗ್ಗುತ್ತದೆ, ಅಲ್ಲಿ ಮಲಗಬೇಡ, ಒಲೆಯ ಪಕ್ಕ ಹಾಸಿಕೋ. ತಂಗೀ ಇಂದೂ, ಪತ್ರ ಓದಿ ಹೇಳುವವಳು ನೀನೇ ಆದ್ದರಿಂದ ಮೊದಲೇ ತಾಕೀತು ಮಾಡುತ್ತೇನೆ, ಒಂದಕ್ಷರ ಬಿಡದೆ ಓದು. ಬೇಜಾರಾದ ಕಡೆ 'ಉಳಿದದ್ದೆಲ್ಲ ಕುಶಲ' ಎಂದು ಮುಗಿಸಿಬಿಡುವ ಚಾಳಿ ನಿನಗೆ ಸಣ್ಣಂದಿನಿಂದ ಇದೆ. ನಾವಿಲ್ಲಿ ಗಟ್ಟಿಯಾಗಿದ್ದೇವೆ. ನಿನ್ನ ಸೊಸೆ ಶಿವಗಂಗಾ ನಿನ್ನಂತೆಯೇ ಪುಂಡಿಪಲ್ಯ ಮಾಡುತ್ತೇನೆಂದು ಹಟ ಹಿಡಿದು, ಮಾಡಿ, ತಾನೇ ತಿನ್ನಲಾರದೆ ಎದ್ದಳು. "ಅತ್ತಿ ಬರಲಿ, ನಾ ಒಲಿ ಬಿಟ್ಟ ದೂರ ಕುಂದರ್ತೀನಿ" ಎಂದು ದಿನಾ ಅನ್ನುತ್ತಾಳೆ. ಭಿಕ್ಷೆಗೆ ಹೋಗುವ ಭಕ್ತರ ಮನೆಗಳಲ್ಲಿಯೂ ನಿನ್ನನ್ನೇ ಕೇಳುತ್ತಾರೆ. ನಾನು ಹೋದರೆ ಅವರಿಗೆ ಸಮಾಧಾನವಿಲ್ಲ. ಮುಕ್ತಾಬಾಯಿಯಂತೂ ಮುಖದ ಮೇಲೆಯೇ ಅಂದಳು, "ಅಯ್ನೋರ ಮೈಯಾಗ ಇಬತ್ತಿಗಿಂತ ಎಣ್ಣಿ ವಾಸನಿ ಜಾಸ್ತಿ ಅದ." ಆಕೆ ಹೇಳಿದ್ದು ಸುಳ್ಳೇನಲ್ಲ, ಹಣೆಯ ವಿಭೂತಿಯ ಮೇಲೂ ಇಂಜಿನ್ನಿನ ಎಣ್ಣೆ.

ಎಳ್ಳಮಾವಾಸ್ಯೆಗೆ ನೀನು ಮನೆಯಲ್ಲಿರಬೇಕು. ಈ ಪತ್ರ ಬರೆಯುತ್ತಿರುವುದು ಅದೊಂದಕ್ಕೇ. ನೀನು ಯಾಕೆ ಹೋದೆ ಎಂದು ನನಗೆ ಗೊತ್ತು. ಇದುವರೆಗೆ ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಿಲ್ಲ, ಆಡದೆ ಆಡದೆ ಅದು ಮನೆಯಲ್ಲಿ ಮೂರನೆಯವರಂತೆ ಕೂತುಬಿಟ್ಟಿದೆ. ಅದಕ್ಕೆ ಇವತ್ತು ಬರೆಯುತ್ತೇನೆ. ಚೈತ್ರದಲ್ಲಿ ಜಾಗೀರದಾರರ ಕುದುರೆ ಪಂದ್ಯದ ಬಯಲಿನಲ್ಲಿ ಮೋಟಾರು ಪಂದ್ಯವಾಯಿತು. ಜಾಗೀರದಾರರ ಗಾಡಿಯನ್ನು ನಮ್ಮ ವೀರಭದ್ರಣ್ಣ ಹೊಡೆಯುತ್ತಿದ್ದ. ಜೋರಿನಲ್ಲಿ ಸುತ್ತು ಹೊಡೆಯುವಾಗ ಇಂಜಿನ್ನು ಕಾದು ಒಮ್ಮೆಲೇ ಹಿಡಿದುಕೊಂಡಿತು, ಗಾಲಿ ತಿರುಗದೆ ನಿಂತವು, ಗಾಡಿ ಪಲ್ಟಿಯಾಯಿತು. ನಮ್ಮ ಅಣ್ಣ ಅಲ್ಲಿಯೇ ಹೋದ. ಜಾಗೀರದಾರರು ಆ ಗಾಡಿಯ ಮುಖ ನೋಡಲೊಲ್ಲೆ ಎಂದರು. ನಮ್ಮ ಕಾರಖಾನೆಯ ಮಾಲಕರು ಅದನ್ನು ಇಲ್ಲಿಗೆ ತರಿಸಿ, ಇಂಜಿನ್ನು ಹೊಸದಾಗಿ ಕಟ್ಟಿ ಉದಗೀರ-ನಿಲಂಗಾ ನಡುವೆ ಜನರನ್ನು ಒಯ್ಯುವ ಸರ್ವೀಸ್ ಗಾಡಿಗೆ ಕೂಡಿಸು ಎಂದು ನನಗೆ ಒಪ್ಪಿಸಿದರು. ನಾನು ಒಲ್ಲೆ ಎನ್ನಬಹುದಿತ್ತು. ಬೇರೆ ಯಾರೋ ಅದರ ಹೊಟ್ಟೆ ಬಿಚ್ಚುವುದು ನನಗೆ ಸಹನೆಯಾಗುತ್ತಿರಲಿಲ್ಲ, ಅದಕ್ಕೆ ಹೂಂ ಎಂದೆ.

ಸೀಳಿದ ಪಿಸ್ಟನ್ನು ತೆಗೆದು ಹೊಸದು ಹಾಕಿದೆ, ಬೇರಿಂಗುಗಳಿಗೆ ಹೊಸ ಲೋಹ ಎರೆದೆ. ಆದರೆ ಅಣ್ಣ ತನ್ನ ಕೈಯಿಂದ ಹೊಂದಿಸಿದ್ದನ್ನೆಲ್ಲ ಇದ್ದಂತೆಯೇ ಬಿಟ್ಟೆ. ಮುಟ್ಟಲು ಧೈರ್ಯವಾಗಲಿಲ್ಲ. ಆಮೇಲೆ ಮೊದಲ ಸಲ ಇಂಜಿನ್ನು ಚಾಲೂ ಮಾಡಿದೆ. ಅಣ್ಣ ಗಾಡಿ ತಗೊಂಡು ಓಣಿಯ ತಿರುವಿಗೆ ಬಂದು ಕಾಲು ಸಡಿಲಿಸಿದಾಗ ಬರುತ್ತಿತ್ತಲ್ಲ, ಎರಡು ಸಲ ಕೆಮ್ಮಿ, ತುಸು ತಡೆದು, ಮತ್ತೆ ಎತ್ತಿಕೊಳ್ಳುವ ಸದ್ದು, ಅದೇ ಬಂತು. ಆ ಕೆಮ್ಮು ಕೇಳಿಯೇ ನೀನು ಅವನ ರೊಟ್ಟಿ ಹಂಚಿಗೆ ಹಾಕುತ್ತಿದ್ದೆ. ಅವತ್ತೂ ನೀನು ಹಿಟ್ಟಿನ ಕೈಯಲ್ಲೇ ಓಡಿ ಬಂದು ಕಾರಖಾನೆಯ ಶೆಡ್ಡಿನ ಬಾಗಿಲಲ್ಲಿ ನಿಂತೆ. ದಿಮ್ಮಿಯ ಮೇಲೆ ಬರೀ ಇಂಜಿನ್ನು, ಪಕ್ಕದಲ್ಲಿ ನಾನು. ನಿನ್ನ ಮುಖ ನೋಡಲಾರದೆ ನಾನು ಇಂಜಿನ್ನು ಬಂದ್ ಮಾಡಿದೆ. ಮರುದಿನ ಮುಂಜಾನೆ ನೀನು ಗಂಟು ಕಟ್ಟಿಕೊಂಡು, "ಆ ಸದ್ದ ಇರೂತನಕಾ ನಾ ಈ ಮನ್ಯಾಗ ಇರಂಗಿಲ್ಲ ಶಂಕ್ರಾ" ಎಂದು ಎತ್ತಿನ ಗಾಡಿ ಹತ್ತಿದೆ. ಆ ಸದ್ದನ್ನು ಇಲ್ಲದಂತೆ ಮಾಡಿಯೇ ನಿನ್ನನ್ನು ಕರೆಯಬೇಕೆಂದು ನಾನು ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ.

ಸರ್ವೀಸ್ ಗಾಡಿಗೆ ಪಂದ್ಯದ ಓಟ ಯಾಕೆ ಬೇಕು? ಅದರಲ್ಲಿ ಬಸುರಿಯರು ಕೂಡುತ್ತಾರೆ, ಮುದುಕರು ಕೂಡುತ್ತಾರೆ. ಮಾಂಜರಾ ಹೊಳೆಯ ದಂಡೆಯ ಏರನ್ನು ಜನ ತುಂಬಿಕೊಂಡು ಮೆಲ್ಲಗೆ ಹತ್ತಬೇಕು, ಎತ್ತಿನ ಗಾಡಿಯ ಹಿಂದೆ ತಾಳ್ಮೆಯಿಂದ ಬರಬೇಕು, ಕಾಲು ಒತ್ತಿದರೆ ಮುಗ್ಗರಿಸದೆ ಮುಂದೆ ಹೋಗಬೇಕು, ನಡುದಾರಿಯಲ್ಲಿ ಕೈಕೊಡಬಾರದು. ಇದನ್ನೆಲ್ಲ ಹಾದಿಗೆ ಇಳಿಸುವ ಮೊದಲೇ ನೋಡಿಕೊಳ್ಳಲು ಶೆಡ್ಡಿನಲ್ಲಿ ಒಂದು ಹಂಚಿಕೆ ಮಾಡಿದೆ. ಇಂಜಿನ್ನಿನ ತಿರುಗುವ ಚಕ್ರವನ್ನು ಎರಡು ಜಾಲಿ ಕಟ್ಟಿಗೆಗಳ ನಡುವೆ ಅಮುಕಿ ಹಿಡಿದು, ಆ ಕಟ್ಟಿಗೆಗಳಿಗೆ ಉದ್ದ ತೊಲೆ ಜೋಡಿಸಿ, ತೊಲೆಯ ತುದಿಯನ್ನು ಜೋಳ ತೂಗುವ ಕಾಟಾದ ಮೇಲೆ ಇಟ್ಟೆ. ಕಟ್ಟಿಗೆ ಬಿಗಿ ಮಾಡಿದಷ್ಟೂ ಇಂಜಿನ್ನಿಗೆ ಭಾರ, ಏರು ಹತ್ತಿದ ಹಾಗೆ. ಅದು ಎಷ್ಟು ಜೋರಿನಿಂದ ಎದುರು ಎಳೆಯುತ್ತದೋ ಅಷ್ಟು ತೂಕ ಕಾಟಾದ ಮೇಲೆ ಬೀಳುತ್ತದೆ. ಕಟ್ಟಿಗೆ ಕಾದು ಹೊಗೆ ಬರುತ್ತದೆ, ನೀರು ಸುರಿಯುತ್ತಲೇ ಇರಬೇಕು. ಕಾಟಾದ ಯಜಮಾನಿಕೆ ಅಮೋಘಸಿದ್ಧನದು. ಕಾರಖಾನೆಯಲ್ಲಿ ಹತ್ತಿಯನ್ನೂ ಜೋಳವನ್ನೂ ತೂಗುವ ಅವನಿಗೆ ಇದು ಸರಿಬರಲಿಲ್ಲ. "ಅಯ್ನೋರ, ಇದು ಜ್ವಾಳಾ ತೂಗೂ ಕಾಟಾ ಅದ, ಹೊಗಿ ತೂಗೂದಲ್ಲ" ಎಂದು ಗೊಣಗುತ್ತಲೇ ತೂಕದ ಕಲ್ಲು ಏರಿಸಿ ಇಳಿಸಿ ಮಾಡಿದ.

ಅವ್ವಾ, ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ಬಹಳ ತಿಣುಕಿದೆ. ಭಾರ ಕೊಟ್ಟ ಸ್ವಲ್ಪ ಹೊತ್ತಿಗೇ ಇಂಜಿನ್ನು ಬೆಂಕಿಯಾಗತೊಡಗಿತು. ನಿಲ್ಲಿಸಿ ನೋಡಿದರೆ ಕಿಡಿ ಹಾರಿಸುವ ಪ್ಲಗ್ಗುಗಳು ಸುಟ್ಟು ಸುಣ್ಣದಂತೆ ಬಿಳಿಚಿದ್ದವು. ಪೆಟ್ರೋಲು ಕಡಿಮೆ, ಹವಾ ಜಾಸ್ತಿ ಆದರೆ ಹಾಗಾಗುತ್ತದೆ. ಹವಾ ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಹೋದೆ. ಪೆಟ್ರೋಲಿಗೆ ಹವಾ ಬೆರೆಸುವ ಹಿತ್ತಾಳೆಯ ಕಾರ್ಬುರೇಟರಿನ ಕುತ್ತಿಗೆಯಲ್ಲಿ ಒಂದು ತೂತು ಸಿಕ್ಕಿತು. ಕಂಪನಿಯವರು ಮಾಡಿದ್ದಲ್ಲ, ಕೈಯಿಂದ ಕೊರೆದದ್ದು, ತುಸು ಓರೆಯಾಗಿ. ಅಣ್ಣ ಎಡಗೈಯವನಲ್ಲವೇ, ಅವನು ಕೊರೆದದ್ದೆಲ್ಲ ಹಾಗೆಯೇ ಓರೆ. ಆ ತೂತಿನಿಂದ ಗಾಡಿಗೆ ಓಟ ಬಂದಿತ್ತು, ಆ ಕೆಮ್ಮು ಬಂದಿತ್ತು, ಇಂಜಿನ್ನು ಕಾದು ಹಿಡಿದುಕೊಂಡದ್ದೂ ಅದರಿಂದಲೇ. ನಮ್ಮ ಅಣ್ಣನನ್ನು ಅವನ ಕೈಯೇ ಕೊಂದಿತು. ನನಗೆ ಮೊದಲು ಸಿಟ್ಟು ಬಂತು, ಅವನು ಎದುರಿಗಿದ್ದರೆ ಹೊಡೆದೇ ಬಿಡುತ್ತಿದ್ದೆ. ಆಮೇಲೆ ಅಮೋಘಸಿದ್ಧನ ಎದುರಿಗೇ ಅತ್ತೆ.

ಹೀಗಾಗಿ ಆ ತೂತನ್ನು ಬೆಸುಗೆ ಹಾಕಿ ಮುಚ್ಚಿದೆ. ಕಿಡಿ ಬೇಗ ಹಾರುವಂತೆ ಅವನು ತಿರುಗಿಸಿಟ್ಟಿದ್ದನ್ನು ತಡವಾಗಿ ಹಾರುವಂತೆ ಹಿಂದಕ್ಕೆ ತಂದೆ. ಒಂದೊಂದು ಸ್ಕ್ರೂ ತಿರುಗಿಸಿದಾಗಲೂ ಅವನು ಮುಟ್ಟಿದ್ದೊಂದು ಹೋಯಿತು. ಕಾಟಾದ ಮೇಲೆ ತೂಕ ಮೊದಲಿಗಿಂತ ಕಡಿಮೆ ಬೀಳುತ್ತದೆ, ಆದರೆ ಬಿದ್ದದ್ದು ಅಲುಗಾಡುವುದಿಲ್ಲ. ನಿನ್ನೆ ಮುಂಜಾನೆಯಿಂದ ಊಟದ ಹೊತ್ತಿನವರೆಗೆ ಭಾರ ಹೊರಿಸಿ ಬಿಟ್ಟಿದ್ದೆ, ಕಾಯಲಿಲ್ಲ, ಕೆಮ್ಮಲಿಲ್ಲ. ಕಾಲು ಒತ್ತಿದರೆ ಸಾವಕಾಶ ಎತ್ತಿಕೊಳ್ಳುತ್ತದೆ. ಅಣ್ಣ ಕಂಡಿದ್ದರೆ ನಗುತ್ತಿದ್ದ. "ಶಂಕ್ರಾ, ನೀ ಹುಟ್ಟೂತ್ಲೇ ಮುದುಕ ಅದಿ, ಇಂಜಿನ್ನಾನೂ ಮುದುಕನ್ನ ಮಾಡ್ತಿ" ಎಂದು ಅವನು ಆಡಿಕೊಳ್ಳುತ್ತಿದ್ದನಲ್ಲ. ಮಾಡಿದೆ, ಅಣ್ಣಾ. ಮುದುಕನಾಗುವ ತನಕ ಇರಲಿ ಎಂದೇ ಮಾಡಿದೆ.

ಈಗ ಅದರ ಸದ್ದು ಬೀಸುವ ಕಲ್ಲಿನ ಹಾಗೆ, ಒಂದೇ ಸಮ. ನೀನು ಬೆಚ್ಚಿ ಬೀಳುವಂಥದ್ದು ಇಲ್ಲಿ ಏನೂ ಉಳಿದಿಲ್ಲ. ಎಳ್ಳಮಾವಾಸ್ಯೆಗೆ ಶರಣಯ್ಯ ಕಾಕಾನವರೊಂದಿಗೆ ಭಕ್ತರ ಹೊಲಕ್ಕೆ ಹೋಗೋಣ, ಕಾಳು-ಕಾಯಿಪಲ್ಯದ ಭಜ್ಜಿ, ಅಂಬಲಿ ನಿನ್ನ ಕೈಯದೇ ಆಗಲಿ. ಹಬ್ಬ ಮುಗಿದ ಮೇಲೆ ಸರ್ವೀಸ್ ಗಾಡಿ ಶುರುವಾಗುತ್ತದೆ.

ಇಂದುವಿಗೂ ಆಕೆಯ ಯಜಮಾನರಿಗೂ ನನ್ನ ಶರಣು ತಿಳಿಸು, ಮಕ್ಕಳ ತಲೆ ಸವರು. ನಿನ್ನ ಹಾರೈಕೆ ನಮ್ಮ ಮೇಲಿರಲಿ, ನೀನೂ ಬೇಗ ಬಂದು ಸೇರು.

ನಿನ್ನ ಮಗ,
ಶಂಕರಯ್ಯ

ತಾ.ಕ. ಪತ್ರ ಮಡಿಸುವಾಗ ರೇವಣಪ್ಪ ಕಾಕಾ ನಿಲಂಗಾದಿಂದ ಹತ್ತಿಯ ಗಾಡಿ ಹೊಡೆದುಕೊಂಡು ಬಂದ. ಪತ್ರ ಅವನ ಕೈಯಲ್ಲೇ ಕೊಡುತ್ತೇನೆ, ಎತ್ತು ಹೂಡುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ದಿನಾ ಸಂಜೆ ಉದಗೀರದ ಹಾದಿಗೆ ಹೋಗಿ ಬೇವಿನ ಗಿಡದ ಕೆಳಗೆ ಕೂಡುತ್ತೀಯಂತೆ, ಯಾವ ಮೋಟಾರು ಬಂದರೂ ಎದ್ದು ನಿಲ್ಲುತ್ತೀಯಂತೆ. ಅವನು ಕೇಳಿದ್ದಕ್ಕೆ, "ನನ್ನ ವೀರೂನ ಗಾಡಿ ಈ ಹಾದೀಲೇ ಬರ್ತದಂತ, ಸದ್ದಿಲೇ ಗುರ್ತ ಹಿಡೀತೀನಿ. ಮನ್ಯಾಗ ಆ ಸದ್ದ ನಿಂತಲ್ಲೇ ನಿಂತಿರ್ತದ, ಅಂವಾ ಬರಂಗಿಲ್ಲ, ಹಾದ್ಯಾಗ ಕುಂತ್ರ ಅಂವಾ ಬಂದಂಗ ಆಗ್ತದ. ಶಂಕ್ರಗ ಹೇಳಬ್ಯಾಡ" ಎಂದೆಯಂತೆ. ಅವ್ವಾ, ನನಗೆ ಗೊತ್ತಿರಲಿಲ್ಲ. ಆ ಗಾಡಿ ನಿನ್ನ ಮುಂದೆಯೇ ಹೋದರೂ ಈಗ ನಿನಗೆ ಗುರುತು ಸಿಗುವುದಿಲ್ಲ. ಜನ ಕೂಡುವ ಗಾಡಿಯಲ್ಲಿ ಆ ತೂತು ಬಿಡಲಾರೆ, ನೀನು ಹೇಳಿದರೂ ಬಿಡಲಾರೆ. ಆದರೆ ಹಬ್ಬದ ಹಿಂದಿನ ದಿನ, ಯಾರೂ ಹತ್ತುವ ಮೊದಲು, ಇಂಜಿನ್ನು ಕೂಡಿಸಿದ ಗಾಡಿಯಲ್ಲಿ ಆ ತೂತನ್ನು ಒಂದು ಸಲ ತೆರೆದು, ಗಾಡಿಯನ್ನು ನಾನೊಬ್ಬನೇ ಸಾವಕಾಶ ನಿಲಂಗಾಕ್ಕೆ ತರುತ್ತೇನೆ. ಮೆಲ್ಲಗೆ ಹೊಡೆದರೆ ಅದು ಯಾರನ್ನೂ ಕೊಲ್ಲುವುದಿಲ್ಲ. ಅವನ ತೂತು ಬೆಸುಗೆಯಲ್ಲಿ ಕರಗಿ ಹೋಗಿದೆ, ಈಗ ಕೊರೆಯುವುದು ನನ್ನ ಕೈಯದು, ದೂರದಿಂದ ಕೇಳಿದರೆ ಸದ್ದು ಅವನದೇ ಎನಿಸೀತು. ಆಮೇಲೆ ನಿನ್ನೆದುರಿಗೇ ಮುಚ್ಚಿ, ನಿನ್ನನ್ನು ಕೂಡಿಸಿಕೊಂಡು ಮನೆಗೆ ಬರುತ್ತೇನೆ. ಸಂಜೆ ಬೇವಿನ ಗಿಡದ ಕೆಳಗೆ ಕೂತಿರು. ಗಾಡಿ ಹತ್ತಿರ ಬಂದು ನಿಂತಾಗ ಇಳಿಯುವವನು ನಾನು, ಅಷ್ಟು ತಡೆದುಕೋ.