ಬೇಕಂತಲೇ ಸೋತವಳಿಗೆ

ಅವ್ವಾ,

ನೀನು ಹೋಗಿ ಮೂರು ವರ್ಷವಾದ ಮೇಲೆ ನಿನ್ನ ಜೊತೆ ಜಗಳ ತೆಗೆಯುತ್ತಿದ್ದೇನೆ. ಇದ್ದಾಗಲೇ ತೆಗೆಯಬೇಕಿತ್ತು. ಆದರೆ ನಿನ್ನ ಜೊತೆ ಜಗಳವಾಡಲು ಯಾರಿಗೆ ತಾನೇ ಆಗುತ್ತಿತ್ತು? ಎದುರಿನವರು ಬಾಯಿ ತೆರೆಯುವ ಮೊದಲೇ ‘ಆತು, ನಂದ ತಪ್ಪು’ ಅಂದು ಎದ್ದುಬಿಡುತ್ತಿದ್ದೆ. ಹೋದ ತಿಂಗಳು ನಿನ್ನ ಪುಣ್ಯಸ್ಮರಣೆಗೆ ಬಂದವರೆಲ್ಲ ಫೋಟೋದ ಮುಂದೆ ನಿಂತು, ಯಾರ ಮನಸ್ಸನ್ನೂ ನೋಯಿಸದ ಜೀವ ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಅಡುಗೆಮನೆಯಲ್ಲಿ ಹಲ್ಲು ಕಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ನಿನ್ನ ಸೊಸೆ, ನಮ್ಮ ವೈನಿ ಬಂದು, ರೊಟ್ಟಿ ಹರಿದು ಹೋಗುತ್ತಿವೆ, ಮೆಲ್ಲಗೆ ಬಡಿ ಎಂದಳು.

ಅಮಾವಾಸ್ಯೆಯ ಮಧ್ಯಾಹ್ನಗಳು ನಿನಗೆ ನೆನಪಿರಬೇಕು. ಅವತ್ತು ಮಗ್ಗಕ್ಕೆ ಪೂಜೆ, ನೇಯ್ಗೆಗೆ ರಜೆ. ಅಪ್ಪನೂ ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುತ್ತಿರಲಿಲ್ಲ. ಪಡಸಾಲೆಯ ಕೆಂಪು ಹಾಸುಗಲ್ಲಿನ ಮೇಲೆ ಅವನೇ ಉಳಿ ಹಿಡಿದು ಕೊರೆದ ಚೌಕಾಬಾರದ ಮನೆಗಳು. ನಾಲ್ಕು ಕವಡೆ, ಅವನಿಗೆ ಹುಣಸೆ ಬೀಜದ ಕಾಯಿ, ನಿನಗೆ ಬಳೆಚೂರಿನ ಕಾಯಿ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲ, ಅದು ಆಟದ ನಿಯಮ. ನೀನು ಅಪ್ಪನ ಕಾಯನ್ನು ಹೊಡೆಯುತ್ತಲೇ ಇರಲಿಲ್ಲ. ಮೂರು ಬಿದ್ದು, ಮೂರನೇ ಮನೆಯಲ್ಲೇ ಅವನ ಕಾಯಿ ಕೂತಿದ್ದರೂ ಬೇರೆ ಕಾಯಿ ನಡೆಸಿ, ‘ಅಯ್ಯ, ನೋಡಲೇ ಇಲ್ಲ’ ಅನ್ನುತ್ತಿದ್ದೆ. ಸುಮ್ಮನೆ ಹೊರಗಿನ ಸುತ್ತಿನಲ್ಲೇ ತಿರುಗುತ್ತಿದ್ದೆ. ಅಪ್ಪ ಗೆದ್ದು ಓಣಿಗೆಲ್ಲ ಕೇಳುವಂತೆ ನಗುತ್ತಿದ್ದ. ನೆರೆಮನೆಯ ಗಂಡಸರನ್ನು ಕರೆದು, ಇವಳಿಗೆ ಲೆಕ್ಕವೇ ಬರುವುದಿಲ್ಲ ನೋಡಿ ಎನ್ನುತ್ತಿದ್ದ. ಲೆಕ್ಕ ಬರುವುದಿಲ್ಲವಂತೆ! ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವಾಗ ಸಾವಿರ ಎಳೆಗಳಲ್ಲಿ ಒಂದು ತಪ್ಪಿದರೂ ಕಂಡುಹಿಡಿದು ಬಿಚ್ಚುತ್ತಿದ್ದವಳು ನೀನು. ಆ ಮಾತು ಕೇಳಿಯೂ ಹೇಗೆ ನಗುತ್ತಿದ್ದೆ?

ಅಪ್ಪ ಮನೆಯಲ್ಲಿಲ್ಲದ ದಿನ ಪಕ್ಕದ ಮನೆಯ ಹಸೀನಾ ಚಾಚಿ ಬರುತ್ತಿದ್ದಳಲ್ಲ, ಆಗ ನೋಡಬೇಕಿತ್ತು ನಿನ್ನನ್ನು. ಸೆರಗು ಸೊಂಟಕ್ಕೆ ಸಿಗಿಸಿ, ಒಂದು ಕಾಲು ಮಡಚಿ ಕೂತರೆ ಕವಡೆಗಳು ನೀನು ಹೇಳಿದಂತೆ ಬೀಳುತ್ತಿದ್ದವು. ಚಾಚಿಯ ಕಾಯನ್ನು ಹೊಡೆದು ತೊಡೆ ತಟ್ಟುತ್ತಿದ್ದೆ. ಚಾಚಿ ಬಾಯಿಗೆ ಬಂದಂತೆ ಬೈಯುತ್ತಿದ್ದಳು, ನೀನು ಇನ್ನಷ್ಟು ಬೈ ಎನ್ನುತ್ತಿದ್ದೆ, ಸೋತವಳೇ ಚಹಾ ಮಾಡಿ ಕುಡಿಸುತ್ತಿದ್ದಳು. ನನಗೆ ಆಟ ಕಲಿಸಿದ್ದು ಆ ಅವ್ವ. ಅಪ್ಪನ ಮುಂದೆ ಕೂರುತ್ತಿದ್ದವಳು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಕೇಳಿದೆ, ಅಪ್ಪನ ಜೊತೆ ಯಾಕೆ ಹೀಗೆ ಆಡುವುದಿಲ್ಲ ಎಂದು. ಆಗ ನನಗೆ ಹನ್ನೊಂದು ವರ್ಷ. ನೀನು ಕವಡೆ ಡಬ್ಬಿಗೆ ತುಂಬುತ್ತ ಹೇಳಿದೆ:

“ಅವರು ಸೋತ್ರ ಉಣ್ಣಂಗಿಲ್ಲವ್ವ. ಆಟದಾಗ ಗೆದ್ದು ನಾ ಏನ್ ಮಾಡ್ಲಿ?”

ಮದುವೆಯಾದ ಹೊಸತರಲ್ಲಿ ಒಮ್ಮೆ ಗೆದ್ದಿದ್ದೆಯಂತೆ. ಅಪ್ಪ ತಟ್ಟೆ ದೂಡಿ ಎದ್ದು ಮೂರು ದಿನ ಮಾತು ಬಿಟ್ಟನಂತೆ. ಅಷ್ಟೇ. ಆ ಮೂರು ದಿನಗಳಿಗೆ ಹೆದರಿ ನಲವತ್ತು ವರ್ಷ ಸೋತೆ. ಅವನ ಸಿಟ್ಟು ಅವನದಾಗಿತ್ತಲ್ಲವೇ? ಅದನ್ನು ನುಂಗಬೇಕಾದವನು ಅವನು. ನೀನು ಯಾಕೆ ನುಂಗಿದೆ? ನುಂಗಿದ್ದು ಸಾಲದು ಅಂತ ಮಗಳಿಗೆ ಬೇರೆ ಕಲಿಸಿದೆ.

ನಾನು ಮದುವೆಯಾಗಿ ಬಾದಾಮಿಗೆ ಬಂದಾಗ ತವರಿನಿಂದ ತಂದದ್ದು ಅದನ್ನೇ. ಶಿವಾನಂದ ಅವರು ಒಂದು ದಿನವೂ ತಟ್ಟೆ ದೂಡಿದವರಲ್ಲ. ಊರು ನೋಡಲು ಬಂದವರಿಗೆ ಗುಹೆ ತೋರಿಸಿ, ಬಿಸಿಲಿನಲ್ಲಿ ಬೆಂದು ಬಂದು, ಉಪ್ಪಿಲ್ಲದ ಸಾರನ್ನೂ ಸುಮ್ಮನೆ ಉಣ್ಣುವ ಮನುಷ್ಯ. ಆದರೂ ಹದಿನೆಂಟು ವರ್ಷ ಅವರು ಏನು ಹೇಳಿದರೂ ಹೂಂ ಅಂದೆ. ಯಾರ ತಪ್ಪಾದರೂ ನಂದೇ ಅಂದೆ. ಚೌಕಾಬಾರದಲ್ಲೂ ಸೋತೆ. ಈ ಬೇಸಿಗೆಯಲ್ಲಿ ಕರೆಂಟು ಹೋದ ಒಂದು ಮಧ್ಯಾಹ್ನ ಆಡುತ್ತಿದ್ದೆವು. ಅವರ ಕಾಯಿ ಸರಿಯಾಗಿ ನನ್ನ ದಾರಿಯಲ್ಲಿತ್ತು. ನಾನು ನಿನ್ನಂತೆಯೇ ಬೇರೆ ಕಾಯಿಗೆ ಕೈ ಹಾಕಿದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಬೇಕಂತಲೇ ಬಿಟ್ಟೆ ಅಲ್ಲವೇ ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

“ಹುಡುಗೀನ ಹಾಸ್ಟೆಲಿಗೆ ಹಾಕೋ ಮುಂದ ಹೂಂ ಅಂದಿದ್ದೂ ಹಿಂಗ ಏನು?”

ಅವ್ವಾ, ಆ ವಿಷಯ ನಿನಗೆ ಗೊತ್ತು. ಮಗಳು ಅಕ್ಷತಾಳನ್ನು ಬಾಗಲಕೋಟೆಯ ಹಾಸ್ಟೆಲಿಗೆ ಹಾಕೋಣವೇ ಎಂದು ಅವರು ಎರಡೆರಡು ಸಲ ಕೇಳಿದ್ದರು. ಅವಳಿಗಿನ್ನೂ ಹತ್ತು ವರ್ಷ, ಬೇಡ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಬಾಯಿ ಮಾತ್ರ ‘ನೀವು ಹೇಳಿದಂಗ’ ಅಂದಿತು. ವರ್ಷವಿಡೀ ಅತ್ತು, ಸೊರಗಿ ಅರ್ಧವಾಗಿ, ಮಗು ವಾಪಸ್ ಬಂತು. ಆಗಲೂ ನಾನು ಬೇಡ ಅನ್ನಬೇಕೆಂದಿದ್ದೆ ಎಂದು ಹೇಳಲಿಲ್ಲ. ಮಗಳು ಅಪ್ಪನ ಜೊತೆ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ, ನಾನು ಒಳ್ಳೆಯ ಅವ್ವನಾಗಿ ಉಳಿದುಕೊಂಡೆ.

“ಆ ತಪ್ಪು ನಾ ಒಬ್ಬನ ಹೊತ್ಕೊಂಡೇನಿ. ನೀ ನೋಡ್ಕೋತ ಕುಂತಿದ್ದಿ. ನನ್ನ ಏನಂತ ತಿಳ್ಕೊಂಡಿ ನೀ?”

ಏನಂತ ತಿಳಿದಿದ್ದೆ? ಅಪ್ಪ ಅಂತ ತಿಳಿದಿದ್ದೆ. ಅಪ್ಪನ ಮುಖ ತಂದು ಅವರಿಗೆ ಅಂಟಿಸಿ, ಅದಕ್ಕೆ ಹೆದರುತ್ತಿದ್ದೆ. ಇದು ಹೊಳೆದ ದಿನ ಪಾತ್ರೆ ತಿಕ್ಕುತ್ತ ನಿನಗೆ ಎಷ್ಟು ಬೈದೆನೋ. ಆಮೇಲೆ ಬೈಯುತ್ತ ಬೈಯುತ್ತಲೇ... ಕಲಿಸಿದವಳು ನೀನು, ಸರಿ. ಆದರೆ ಹೂಂ ಅಂದ ಬಾಯಿ ನನ್ನದು. ಸಾವಿರ ಸಲ ಸುಳ್ಳಿಗೆ ‘ತಪ್ಪು ನಂದೇ’ ಅಂದವಳಿಗೆ ಇದೊಂದು ಸಲ ಖರೆ ತಪ್ಪು ಒಪ್ಪಿಕೊಳ್ಳಲು ನಾಲ್ಕು ದಿನ ಬೇಕಾಯಿತು. ಮೊದಲು ಅಕ್ಷತಾಳಿಗೆ ಹೇಳಿದೆ, ಆಮೇಲೆ ಅವರಿಗೆ. ಅವರು, ಮೊದಲು ನಿಮ್ಮಪ್ಪನ ಜೊತೆ ಖರೇ ಆಡಿ ಬಾ, ಆಮೇಲೆ ನನ್ನ ಜೊತೆ ಕೂಡು ಎಂದರು.

ಮೊನ್ನೆ ಅಮಾವಾಸ್ಯೆಗೆ ಇಳಕಲ್ಲಿಗೆ ಬಂದೆ. ನಿನ್ನ ಕವಡೆ, ಬಳೆಚೂರುಗಳ ಡಬ್ಬಿ ಮಗ್ಗದ ಮನೆಯ ಗೂಡಿನಲ್ಲೇ ಇತ್ತು. ಅಪ್ಪನಿಗೆ ಆಟವೆಂದರೆ ಇನ್ನೂ ಆಸೆ, ಕಾಯಿ ಹೂಡುವಾಗಲೇ ನಿಮ್ಮವ್ವನಂತೆ ಸೋಲಲು ಬಂದೆಯಾ ಎಂದು ಚೇಷ್ಟೆ ಮಾಡಿದ. ಸಿಟ್ಟು ನೆತ್ತಿಗೇರಿತು. ನೀನು ಕಲಿಸಿದಂತೆ ಕವಡೆಗಳನ್ನು ಅಂಗೈಯಲ್ಲಿ ಎರಡು ಸಲ ಹೊರಳಿಸಿ ಹಾಕಿದೆ. ಮೂರು. ಅವನ ಕಾಯನ್ನು ಹೊಡೆದೆ. ಮತ್ತೊಂದನ್ನು ಹೊಡೆದೆ. ಒಳಗಿನ ಸುತ್ತಿಗೆ ಹೋದೆ. ನನ್ನ ನಾಲ್ಕೂ ಕಾಯಿ ನಡುಮನೆ ಸೇರಿ ಹಣ್ಣಾದಾಗ ಅವನದೊಂದೂ ಆಗಿರಲಿಲ್ಲ. ಅಪ್ಪ ಎದ್ದು ಹಿತ್ತಲಿಗೆ ಹೋದ. ವೈನಿಯ ಮುಖ ಬಿಳಿಚಿಕೊಂಡಿತು. ಈಗ ತಟ್ಟೆ ಹಾಕಿದ್ದೆ, ಇನ್ನು ಮಾವ ಉಣ್ಣುವುದಿಲ್ಲ, ನಿನಗೇನು ಬಂದಿತ್ತು ಎಂದು ಪಿಸುಗುಟ್ಟಿದಳು. ನೋಡು, ನಿನ್ನ ಪಾಠ ಅವಳಿಗೂ ಮುಟ್ಟಿದೆ. ಹೆದರಿಕೆ ನನಗೂ ಆಗಿತ್ತು. ಆದರೂ ಕಾಯಿಗಳನ್ನು ತೆಗೆಯಲಿಲ್ಲ, ಅಲ್ಲೇ ಕೂತಿದ್ದೆ.

ಅಪ್ಪ ಕೈಕಾಲು ತೊಳೆದುಕೊಂಡು ಬಂದು ಹಾಸುಗಲ್ಲಿನ ಮುಂದೆ ನಿಂತ.

“ನಿಮ್ಮವ್ವಗ ಹಿಂಗ ಆಡಾಕ ಬರ್ತಿತ್ತೇನು?”

“ಅಕಿನ ಕಲಿಸಿದ್ದಪ್ಪ.”

“ಮತ್ತ ನನ್ನ ಕೂಡ ಯಾಕ ಆಡಲಿಲ್ಲ?”

ಏನು ಹೇಳಲಿ ಅವ್ವಾ? ನಿನ್ನನ್ನು ಕಾಪಾಡಲೇ, ಅವನನ್ನೇ? ಯಾರನ್ನೂ ಕಾಪಾಡಲಿಲ್ಲ. ಸೋತರೆ ನೀನು ಉಣ್ಣುವುದಿಲ್ಲವೆಂದು ಅವ್ವ ಹೆದರಿದ್ದಳು ಎಂದೆ, ಆ ಮೂರು ದಿನದ ಕತೆಯನ್ನೂ ಹೇಳಿದೆ. ಆ ಮೂರು ದಿನ ಅವನಿಗೆ ನೆನಪೇ ಇರಲಿಲ್ಲ. ಕೇಳು ಇದನ್ನು, ನಿನ್ನ ನಲವತ್ತು ವರ್ಷ ತಿಂದ ಮೂರು ದಿನ ಅವನಿಗೆ ನೆನಪೇ ಇರಲಿಲ್ಲ! ಅವನ ಮೇಲಿನ ಸಿಟ್ಟೂ ಇಳಿದಿಲ್ಲ, ಇಳಿಯುವುದೂ ಬೇಡ. ಅವ್ವನನ್ನು ನೀನು ಯಾವತ್ತಾದರೂ ಕೇಳಿದ್ದೆಯಾ ಎಂದು ಅವನಿಗೂ ಅಂದೆ. ಅವನು ನಿನ್ನ ಬಳೆಚೂರುಗಳನ್ನು ನೋಡುತ್ತ ನಿಂತ.

ಮುಂದಿನ ಅಮಾವಾಸ್ಯೆಗೆ ಶಿವಾನಂದ ಅವರನ್ನೂ ಅಕ್ಷತಾಳನ್ನೂ ಕರೆದುಕೊಂಡು ಬರುತ್ತೇನೆ. ವೈನಿಯನ್ನೂ ಆಟಕ್ಕೆ ಕೂರಿಸುತ್ತೇನೆ. ಯಾರೂ ಯಾರಿಗೂ ಬಿಟ್ಟುಕೊಡುವಂತಿಲ್ಲ, ಸೋತವರು ಹಸೀನಾ ಚಾಚಿಗೂ ಸೇರಿಸಿ ಚಹಾ ಮಾಡಬೇಕು.

ಅಪ್ಪ ಅವತ್ತು ಸೀದಾ ಹೋಗಿ ತಟ್ಟೆಯ ಮುಂದೆ ಕೂತ, ಅವ್ವಾ. ಎರಡು ರೊಟ್ಟಿ ಉಂಡ. ಆಮೇಲೆ ವೈನಿಯನ್ನು ಕರೆದು ಇನ್ನೊಂದು ಹಾಕಿಸಿಕೊಂಡ.

ನಿನ್ನ ಮಗಳು