ಅದೇ ಬರಫ್

ಜನವರಿ ೧೧, ಭಾನುವಾರ. ರಾತ್ರಿ ಹತ್ತೂವರೆ.

ಇಡೀ ದಿನ ಗುಲ್ಮಾರ್ಗ್ ಪ್ರವಾಸದ ಮಾತೇ ಆಯಿತು. ಮೊಮ್ಮಗಳು ವರ್ಷಿಣಿ ಸ್ಕೀ ಕಲಿಯುವಾಗ ಅವಳ ಪುಟ್ಟ ತಮ್ಮನನ್ನು ನೋಡಿಕೊಳ್ಳಲು ನಾನು ಬೇಕಂತೆ. ಮಗ ಹೃಷಿಕೇಶ ನನ್ನ ಟಿಕೆಟ್ಟನ್ನೂ ತೆಗೆದಿದ್ದಾನೆ.

"ನಿಮ್ಮಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ ಕಣೋ" ಎಂದೆ.

"ಯಾತ್ರೆಗೆ ಹೋಗ್ಬಾರ್ದು ಅಷ್ಟೇ ಅಮ್ಮ. ಇದು ಬರೀ ಆಟ."

ಸೊಸೆ ಮೇದಿನಿ, "ಈ ಫ್ಲ್ಯಾಟಲ್ಲಿ ನಿಮ್ಮೊಬ್ರನ್ನೇ ಬಿಟ್ಟು ಹೇಗೆ ಹೋಗೋದು ಅತ್ತೆ?" ಎಂದಳು. ಪ್ರೀತಿಯಿಂದ ಕರೆದವರಿಗೆ ಒಲ್ಲೆ ಎನ್ನಲು ನನಗೆ ಬರುವುದಿಲ್ಲ.

ಸಂಜೆ ವರ್ಷಿಣಿ ಮೊಬೈಲಿನಲ್ಲಿ ಬೆಟ್ಟ ತೋರಿಸಿದಳು. ವಡೋದರಾದಲ್ಲೇ ಬೆಳೆದ ಮಗು, ಹಿಮ ಎಂಬ ಮಾತು ಗೊತ್ತಿಲ್ಲ. ಹಿಮಕ್ಕೂ ಮಂಜುಗಡ್ಡೆಗೂ ಒಂದೇ ಮಾತು, ಬರಫ್.

"ಅಜ್ಜಿ, ತಾತನ ಸುತ್ತ ಇಟ್ಟಿದ್ರಲ್ಲ, ಅದೇ ಬರಫ್. ಅಲ್ಲಿ ತುಂಬಾ ಇದೆ."

ಮೈಸೂರಿನಿಂದ ಮಗಳು ಬರಲಿ ಎಂದು ಆ ರಾತ್ರಿಯೆಲ್ಲ ಅವರನ್ನು ಮಂಜುಗಡ್ಡೆಯ ನಡುವೆ ಮಲಗಿಸಿದ್ದೆವು. ಫ್ಯಾನಿನ ಗಾಳಿಗೂ ಸ್ವೆಟರ್ ಹಾಕುತ್ತಿದ್ದ ಮನುಷ್ಯ. ಕಾಲಿಗೆ ಶಾಲು ಹೊದಿಸಲು ಹೋದರೆ ಯಾರೋ ನನ್ನ ಕೈ ಹಿಡಿದರು.

ಹೋಗುವುದಿಲ್ಲ ಎಂದರೆ ಇದನ್ನು ಹೇಳಬೇಕು. ಹೇಳಿದರೆ ಮಕ್ಕಳ ಆಟ ಕೆಡುತ್ತದೆ. "ಹೂಂ ಪುಟ್ಟಿ, ಅದೇ" ಎಂದೆ.

ಅವರ ಸ್ವೆಟರೇ ಸಾಕು ಅಂದರೆ, ಅಲ್ಲಿನ ಚಳಿಗೆ ಅದು ಸಾಲದಂತೆ. ನಾಳೆ ಬೆಳಿಗ್ಗೆ ಮೇದಿನಿಯ ಜೊತೆ ಅಲ್ಕಾಪುರಿ ಪೇಟೆಗೆ ಹೋಗಿ ಕೋಟು ತರಬೇಕು.